ಕನ್ನಡದ ಕಿವಿಗೆ ಎ, ಆ್ಯನ್, ದಿ: ಇಂಗ್ಲಿಷ್ ಪದವರ್ಗಗಳ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹನುಮಂತನಗರದ ಒಂದು ಮಹಡಿ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿದವರು: ಇಬ್ಬರು ಕ್ಯಾಬ್ ಚಾಲಕರು, ಒಬ್ಬ ನರ್ಸ್, ನ್ಯಾಯಾಲಯದಲ್ಲಿ ಬೆರಳಚ್ಚು ಮಾಡುವ ಒಬ್ಬ ಹೆಣ್ಣುಮಗಳು, ಹೂವಿನ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು ಬಂದ ಒಬ್ಬ ಹಿರಿಯರು. ಕಳೆದ ವರ್ಷ ಚಾಲಕರಲ್ಲೊಬ್ಬರು ಬಾಡಿಗೆ ಮನೆ ಹುಡುಕುತ್ತಿದ್ದರು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಧೈರ್ಯವಾಗಿ ಒಂದು ಸಾಲು ಹಾಕಿದರು: "ಐ ಆ್ಯಮ್ ಸರ್ಚಿಂಗ್ ದಿ ಹೌಸ್." ನರ್ಸಮ್ಮ ಕೂಡಲೇ ಉತ್ತರಿಸಿದರು: "ಏನಣ್ಣಾ, ಏನು ಕಳೆದುಹೋಯಿತು?"

ಅವರು ಬರೆದದ್ದರ ಅರ್ಥ "ಮನೆಯನ್ನು ಜಾಲಾಡುತ್ತಿದ್ದೇನೆ" ಎಂದು. ಪೊಲೀಸರು ಮಾಡುವ ಕೆಲಸ ಅದು. ಬೇಕಾಗಿದ್ದದ್ದು "ಐ ಆ್ಯಮ್ ಲುಕಿಂಗ್ ಫಾರ್ ಎ ಹೌಸ್."

ಮುಂದಿನ ತರಗತಿಯಲ್ಲಿ ನಾನು ಇಂಗ್ಲಿಷ್ ಎತ್ತಲೇ ಇಲ್ಲ. ಎರಡು ಕನ್ನಡ ವಾಕ್ಯ ಬರೆದೆ. ಒಂದು, "ಬಾಡಿಗೆಗೆ ಮನೆ ಹುಡುಕುತ್ತಿದ್ದೇನೆ." ಇನ್ನೊಂದು, "ಗಲ್ಲಿಗಲ್ಲಿ ಸುತ್ತಿ ಮನೆಯನ್ನು ಹುಡುಕುತ್ತಿದ್ದೇನೆ." ವ್ಯತ್ಯಾಸವೇನು ಎಂದು ಕೇಳಿದರೆ ಐವರೂ ಒಟ್ಟಿಗೆ ಹೇಳಿದರು: ಮೊದಲನೆಯವನಿಗೆ ಯಾವ ಮನೆಯಾದರೂ ಸರಿ, ಎರಡನೆಯವನ ಕೈಯಲ್ಲಿ ವಿಳಾಸವಿದೆ, ಮನೆ ಸಿಕ್ಕುತ್ತಿಲ್ಲ. ಹಾಗಾದರೆ ಆರ್ಟಿಕಲ್, ಅಂದರೆ ಎ, ಆ್ಯನ್, ದಿ, ನಿಮಗೆ ಗೊತ್ತೇ ಇದೆ ಎಂದೆ. ಇಂಗ್ಲಿಷಿನಲ್ಲಿ "ಎ" ಮತ್ತು "ದಿ" ಮಾಡುವ ಕೆಲಸವನ್ನು ಇಲ್ಲಿ "ಅನ್ನು" ಎಂಬ ವಿಭಕ್ತಿ ಮಾಡಿತು, ಅಷ್ಟೇ. ಪದಗಳ ಸರದಿಯೂ ಅದನ್ನೇ ಮಾಡುತ್ತದೆ. "ಅಂಗಳದಲ್ಲಿ ನಾಯಿ ಇದೆ" ಎಂದರೆ ಯಾವುದೋ ನಾಯಿ ನುಗ್ಗಿದೆ. "ನಾಯಿ ಅಂಗಳದಲ್ಲಿದೆ" ಎಂದರೆ ನಮ್ಮದೇ ನಾಯಿ, ಹುಡುಕಬೇಡಿ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ಅರ್ಧ ನಿಜ. ಪದವಿಲ್ಲ, ಅರ್ಥವಿದೆ. ಆ ಅರ್ಥ ನಮ್ಮ ಮಾತಿನಲ್ಲಿ ಎಲ್ಲೆಲ್ಲಿ ಅಡಗಿ ಕುಳಿತಿದೆ ಎಂದು ಪತ್ತೆ ಹಚ್ಚಿ, ಅದನ್ನು ಇಂಗ್ಲಿಷಿನಲ್ಲಿ ನಾಮಪದದ ಮುಂದಕ್ಕೆ ತಂದು ಕೂರಿಸುವುದೇ ಈ ಮಾರ್ಗದರ್ಶಿಯ ಕೆಲಸ.

ಹೆಜ್ಜೆ 1: ಎಂಟು ಪದವರ್ಗಗಳ ಪಟ್ಟಿಯನ್ನು ಅರ್ಧವಷ್ಟೇ ನಂಬಿ

ನಾಮಪದ, ಸರ್ವನಾಮ, ಗುಣವಾಚಕ, ಕ್ರಿಯಾಪದ, ಕ್ರಿಯಾವಿಶೇಷಣ, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಇಂಗ್ಲಿಷ್ ಮೇಷ್ಟರು ಬಾಯಿಪಾಠ ಮಾಡಿಸುತ್ತಿದ್ದ ಈ ಎಂಟರಲ್ಲಿ ಆರ್ಟಿಕಲ್ ಎಲ್ಲಿದೆ? ಇಲ್ಲ. ಇದಕ್ಕೊಂದು ಹಳೆಯ ಕಥೆಯಿದೆ. ಪ್ರಾಚೀನ ಗ್ರೀಕ್ ವೈಯಾಕರಣರ ಎಂಟರ ಪಟ್ಟಿಯಲ್ಲಿ ಆರ್ಟಿಕಲ್ ಇತ್ತು. ರೋಮನ್ನರು ಅದೇ ಪಟ್ಟಿಯನ್ನು ಲ್ಯಾಟಿನ್‌ಗೆ ತಂದುಕೊಂಡರು, ಆದರೆ ಲ್ಯಾಟಿನ್‌ನಲ್ಲೂ ಕನ್ನಡದ ಹಾಗೆ ಆರ್ಟಿಕಲ್ ಇರಲಿಲ್ಲ. ಅದನ್ನು ಬಿಟ್ಟು, ಎಂಟರ ಲೆಕ್ಕ ಸರಿದೂಗಿಸಲು "ಅಯ್ಯೋ", "ಆಹಾ"ಗಳ ಇಂಟರ್ಜೆಕ್ಷನ್ ವರ್ಗವನ್ನು ಸೇರಿಸಿದರು. ಶಾಲಾ ಇಂಗ್ಲಿಷ್ ವ್ಯಾಕರಣ ಬೆಳೆದದ್ದು ಈ ಲ್ಯಾಟಿನ್ ಅಚ್ಚಿನಲ್ಲಿ. ಹಾಗಾಗಿ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದವಾದ "ದಿ"ಗೇ ಪಟ್ಟಿಯಲ್ಲಿ ಸ್ವಂತ ಮನೆಯಿಲ್ಲದೆ, ಗುಣವಾಚಕದ ಮನೆಯಲ್ಲಿ ಬಾಡಿಗೆಗೆ ಇರಬೇಕಾಯಿತು.

ಈಗಿನ ವ್ಯಾಕರಣ ಅದನ್ನು ಡಿಟರ್ಮಿನರ್ ಎಂಬ ಬೇರೆ ವರ್ಗಕ್ಕೆ ಸೇರಿಸುತ್ತದೆ. ಕನ್ನಡದಲ್ಲಿ ನಿರ್ಧಾರಕ ಎನ್ನಬಹುದು. ನಾಮಪದ ಯಾವುದನ್ನು, ಎಷ್ಟನ್ನು, ಯಾರದ್ದನ್ನು ಕುರಿತದ್ದು ಎಂದು ನಿರ್ಧರಿಸುವ ಪದ. ಎ, ಆ್ಯನ್, ದಿ ಮಾತ್ರವಲ್ಲ. ದಿಸ್, ದ್ಯಾಟ್, ಮೈ, ಯುವರ್, ಸಮ್, ಎನಿ, ಈಚ್, ಎವೆರಿ, ಮೆನಿ, ನೋ ಎಲ್ಲವೂ ಈ ವರ್ಗದವೇ. ಗುಣವಾಚಕಗಳನ್ನು ಎಷ್ಟು ಬೇಕಾದರೂ ಪೇರಿಸಬಹುದು: ದೊಡ್ಡ, ಹಳೆಯ, ಕೆಂಪು ಬಸ್. ಡಿಟರ್ಮಿನರ್ ಹಾಗಲ್ಲ. ಅದಕ್ಕಿರುವುದು ಒಂದೇ ಸೀಟು. ಆ ಜಗಳಕ್ಕೆ ಆಮೇಲೆ ಬರೋಣ.

ಹೆಜ್ಜೆ 2: ಪದವರ್ಗ ಗುರುತಿಸಲು ಕನ್ನಡಕ್ಕೆ ತಿರುಗಿಸಿ ನೋಡಿ

ಇಂಗ್ಲಿಷ್ ಪದಗಳು ವೇಷ ಬದಲಿಸದೆ ಪಾತ್ರ ಬದಲಿಸುತ್ತವೆ. "ಬುಕ್" ಪುಸ್ತಕವೂ ಹೌದು, ಕ್ಯಾಬ್ ಕಾಯ್ದಿರಿಸುವ ಕೆಲಸವೂ ಹೌದು. ಕನ್ನಡಕ್ಕೆ ಬಂದ ಕೂಡಲೇ ಗುಟ್ಟು ಬಯಲಾಗುತ್ತದೆ: ನಾಮಪದವಾದರೆ ಬುಕ್ಕು, ಬುಕ್ಕನ್ನು, ಕ್ರಿಯಾಪದವಾದರೆ ಬುಕ್ ಮಾಡು. "ಮಾಡು" ಅಂಟಿಕೊಂಡರೆ ಸಾಮಾನ್ಯವಾಗಿ ಅದು ಕ್ರಿಯೆ, ಕ್ರಿಯೆಯಾದರೆ ಅದರ ಮುಂದೆ ಎ, ದಿ ಇಡುವ ಮಾತೇ ಇಲ್ಲ.

"ದ್ಯಾಟ್" ಇನ್ನೂ ಮಜವಾದ ಪದ. "ದ್ಯಾಟ್ ಹೌಸ್" ಎಂಬಲ್ಲಿ ಅದು "ಆ". "ದ್ಯಾಟ್ ಈಸ್ ಮೈ ಹೌಸ್" ಎಂಬಲ್ಲಿ "ಅದು". "ಹಿ ಸೆಡ್ ದ್ಯಾಟ್ ದಿ ಹೌಸ್ ಈಸ್ ಸ್ಮಾಲ್" ಎಂಬಲ್ಲಿ "ಎಂದು". ಇಂಗ್ಲಿಷಿಗೆ ಒಂದೇ ಪದ, ನಮಗೆ ಮೂರು. ಆದ್ದರಿಂದ ಡಿಟರ್ಮಿನರ್ ಯಾವುದು, ಸರ್ವನಾಮ ಯಾವುದು ಎಂದು ಗೊಂದಲವಾದರೆ ಕನ್ನಡದಲ್ಲಿ ಹೇಳಿಕೊಳ್ಳಿ: ಆ, ಈ, ನನ್ನ, ಕೆಲವು ಎಂದು ಬಂದು ಮುಂದೆ ನಾಮಪದಕ್ಕಾಗಿ ಕಾಯುತ್ತಿದ್ದರೆ ಡಿಟರ್ಮಿನರ್, ಅದು, ಇದು, ನನ್ನದು, ಕೆಲವರು ಎಂದು ತಾನೇ ಸ್ವತಂತ್ರವಾಗಿ ನಿಂತರೆ ಸರ್ವನಾಮ.

ಹೆಜ್ಜೆ 3: "ಯಾವುದು?" ಎಂಬ ಪರೀಕ್ಷೆ

ಈ ಬರಹದಲ್ಲಿ ಒಂದನ್ನಷ್ಟೇ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ವಾಕ್ಯ ಹೇಳುವ ಮೊದಲು ಎದುರಿಗಿರುವವರ ಜಾಗದಲ್ಲಿ ಕುಳಿತುಕೊಳ್ಳಿ. ನೀವು ಆ ನಾಮಪದ ಹೇಳಿದಾಗ ಅವರು "ಯಾವುದು?" ಎಂದು ಕೇಳುವ ಹಾಗಿದ್ದರೆ, ಅಥವಾ ಯಾವುದಾದರೂ ನಡೆಯುತ್ತದೆ ಎಂದಿದ್ದರೆ "ಎ". ಕೇಳುವ ಅಗತ್ಯವೇ ಇಲ್ಲದೆ ಅವರ ಮನಸ್ಸಿನಲ್ಲೂ ಅದೇ ವಸ್ತು ಬಂದು ನಿಂತರೆ "ದಿ". ನಿಮಗೆ ಗೊತ್ತಿದೆಯೇ ಎಂಬುದಲ್ಲ ಪ್ರಶ್ನೆ, ಕೇಳುವವರಿಗೆ ಗೊತ್ತಿದೆಯೇ ಎಂಬುದು. ನಮ್ಮವರು ಎಡವುವುದೇ ಇಲ್ಲಿ. ನನ್ನ ಸ್ಕೂಟರ್ ಕೆಡಿಸಿದ ಮೆಕ್ಯಾನಿಕ್ ನನಗೆ ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿಲ್ಲದಿದ್ದರೆ ಮೊದಲ ಸಲ ಅವನು "ಎ ಮೆಕ್ಯಾನಿಕ್". ಎರಡನೆಯ ವಾಕ್ಯದಿಂದ "ದಿ ಮೆಕ್ಯಾನಿಕ್".

ಕೇಳುವವರಿಗೆ ಗೊತ್ತಾಗುವುದು ಹಲವು ದಾರಿಗಳಲ್ಲಿ. ಆಗಲೇ ಹೇಳಿಯಾಗಿರಬಹುದು, ಕಥೆಯಲ್ಲಿ "ಒಂದೂರಿನಲ್ಲಿ ಒಬ್ಬ ರಾಜ, ಆ ರಾಜನಿಗೆ" ಎನ್ನುತ್ತೇವಲ್ಲ, ಅಲ್ಲಿನ "ಒಬ್ಬ" ಮತ್ತು "ಆ" ಅಕ್ಷರಶಃ ಎ ಮತ್ತು ದಿ. ಇದು ಬರಿಯ ಹೋಲಿಕೆಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಂದು ಎಂಬ ಸಂಖ್ಯಾಪದ ಸವೆದು ಸವೆದು "ಆ್ಯನ್" ಆಯಿತು. ಆ ಎಂಬರ್ಥದ ಪದ ಸವೆದು "ದಿ" ಆಯಿತು.

ಎದುರಿಗೇ ಇರುವುದರಿಂದಲೂ ಗೊತ್ತಾಗಬಹುದು. "ಬಾಗಿಲು ಹಾಕು" ಎಂದಾಗ ಯಾವ ಬಾಗಿಲು ಎಂದು ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ ಇಲ್ಲಿ "ಆ" ಬರುವುದಿಲ್ಲ, ಬರಿ "ಬಾಗಿಲು". ಅದಕ್ಕೇ "ಕ್ಲೋಸ್ ಡೋರ್" ಎಂದುಬಿಡುತ್ತೇವೆ. ಇಂಗ್ಲಿಷಿಗೆ "ಕ್ಲೋಸ್ ದಿ ಡೋರ್" ಬೇಕು. ಸೂರ್ಯ, ಚಂದ್ರ, ಆಕಾಶಗಳಿಗೆ ದಿ ಬರುವುದೂ ಇದೇ ಲೆಕ್ಕದಲ್ಲಿ. ಒಂದೇ ಇರುವಾಗ ಯಾವ ಸೂರ್ಯ ಎಂದು ಕೇಳುವವರು ಯಾರು? ಅತಿ ಎತ್ತರದ, ಮೊದಲನೆಯ, ಅದೇ ಎಂಬರ್ಥದ ಟಾಲೆಸ್ಟ್, ಫಸ್ಟ್, ಸೇಮ್ ಪದಗಳಿಗೂ ದಿ ಬರುವುದು ಅದಕ್ಕೇ.

ಮೂರನೆಯದು ಸೂಕ್ಷ್ಮ. ಒಂದರ ಹೆಸರೆತ್ತಿದರೆ ಅದರ ಜೊತೆಗಿರುವವೆಲ್ಲ ತಾವಾಗಿಯೇ ಪರಿಚಿತವಾಗುತ್ತವೆ. "ಬಸ್ಸಿನಲ್ಲಿ ಬಂದೆ, ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ." ಕಂಡಕ್ಟರ್ ಬಗ್ಗೆ ಮೊದಲು ಹೇಳಿಲ್ಲ, ಆದರೂ ಬಸ್ಸಿಗೊಬ್ಬ ಕಂಡಕ್ಟರ್ ಇರುತ್ತಾನೆಂದು ಎಲ್ಲರಿಗೂ ಗೊತ್ತು, ಆದ್ದರಿಂದ "ದಿ ಕಂಡಕ್ಟರ್". ಮದುವೆ ಎಂದೊಡನೆ ದಿ ಬ್ರೈಡ್, ಮನೆ ಎಂದೊಡನೆ ದಿ ಓನರ್.

ಹೆಜ್ಜೆ 4: ಎ ಅಥವಾ ಆ್ಯನ್, ಕನ್ನಡ ಲಿಪಿಯಲ್ಲಿ ಬರೆದು ನೋಡಿ

ಇಲ್ಲಿ ಇಂಗ್ಲಿಷ್ ಮಾತುಗಳನ್ನೂ ಕನ್ನಡ ಅಕ್ಷರಗಳಲ್ಲೇ ಬರೆದಿರುವುದು ಹಟಕ್ಕಲ್ಲ. ಎ, ಆ್ಯನ್ ವಿಷಯದಲ್ಲಿ ಇಂಗ್ಲಿಷ್ ಕಾಗುಣಿತ ದಾರಿ ತಪ್ಪಿಸುತ್ತದೆ, ಕನ್ನಡ ಲಿಪಿ ತಪ್ಪಿಸುವುದಿಲ್ಲ. ಐದು ಸ್ವರಾಕ್ಷರಗಳ ಮುಂದೆ ಆ್ಯನ್ ಎಂದು ಉರು ಹೊಡೆದವರು "ಆ್ಯನ್ ಯೂನಿವರ್ಸಿಟಿ" ಎನ್ನುತ್ತಾರೆ. ಉಚ್ಚಾರದಂತೆ ಕನ್ನಡದಲ್ಲಿ ಬರೆಯಿರಿ: ಯೂನಿವರ್ಸಿಟಿ. ಮೊದಲಿಗಿರುವುದು "ಯ", ವ್ಯಂಜನ. ಹಾಗಾಗಿ "ಎ". ಯುರೋಪಿಯನ್, ಯುಪಿಐ ಪೇಮೆಂಟ್, ಯೂನಿಫಾರ್ಮ್ ಎಲ್ಲಕ್ಕೂ ಎ. ಒಂದು ಗಂಟೆಗೆ ಅವರ್. ಬರೆಯುವಾಗ ಅದರಲ್ಲಿ ಎಚ್ ಇದ್ದರೂ ಕಿವಿಗೆ ಬೀಳುವುದು "ಅ", ಆದ್ದರಿಂದ "ಆ್ಯನ್ ಅವರ್". ಆನೆಸ್ಟ್ ಮ್ಯಾನ್ ಎಂಬುದಕ್ಕೂ ಆ್ಯನ್.

ಬೆಂಗಳೂರಿನಲ್ಲಿ ಬಾಳುವುದೇ ಮೊದಲಕ್ಷರಗಳ ನಡುವೆ: ಎಂಎಲ್‌ಎ, ಎಫ್‌ಐಆರ್, ಆರ್‌ಟಿಒ, ಎಸ್ಸೆಸ್ಸೆಲ್ಸಿ, ಐಟಿ. ಎಲ್ಲವೂ ಸ್ವರದಿಂದ ಶುರು, ಎಲ್ಲಕ್ಕೂ ಆ್ಯನ್. ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಬಸ್ಸುಗಳಿಗೆ ಎ.

ಎರಡು ಕಡೆ ಮಾತ್ರ ನಮ್ಮ ನಾಲಿಗೆ ಕೈಕೊಡುತ್ತದೆ. ಕನ್ನಡದವರು ಎ, ಒ ಸ್ವರಗಳ ಮುಂದೆ ಸಣ್ಣ ಯಕಾರ, ವಕಾರ ಸೇರಿಸುತ್ತೇವೆ; ಎಂಟು ಎಂದು ಬರೆದು ಯೆಂಟು ಎನ್ನುತ್ತೇವೆ. ಎಗ್ ಹೋಗಿ ಯೆಗ್ ಆದರೆ "ಎ ಯೆಗ್" ಸರಿಯೆನಿಸುತ್ತದೆ. ಇಂಗ್ಲಿಷಿನಲ್ಲಿ ಅದು ಶುದ್ಧ ಎಕಾರ, ಆ್ಯನ್ ಎಗ್. ಇದಕ್ಕೆ ತದ್ವಿರುದ್ಧವಾಗಿ, ಒಂದು ಎಂಬರ್ಥದ ಇಂಗ್ಲಿಷ್ ಪದದಲ್ಲಿ ವಕಾರ ನಿಜವಾಗಿಯೂ ಇದೆ. ವನ್ ಎಂದೇ ಬರೆದುಕೊಳ್ಳಿ. "ಎ ವನ್ ರುಪೀ ಕಾಯಿನ್". ಇನ್ನೊಂದು ತೊಡಕು ಎಚ್ ಅಕ್ಷರ. ನಗರದ ಫಲಕಗಳಲ್ಲಿ "ಹೆಚ್" ಎಂಬುದು ಧಾರಾಳವಾಗಿ ಕಾಣುತ್ತದೆ, ಹಲವು ಪತ್ರಿಕೆಗಳು "ಎಚ್" ಎಂದು ಅಚ್ಚು ಮಾಡುತ್ತವೆ. ನಿಘಂಟುಗಳ ರೂಢಿಯ ಉಚ್ಚಾರ ಎಕಾರದ್ದೇ. ಹಾಗಾಗಿ "ಆ್ಯನ್ ಎಚ್‌ಎಎಲ್ ಎಂಜಿನಿಯರ್". ಹೆಚ್ ಎನ್ನುವ ಅಭ್ಯಾಸ ಬಿಡದವರು ಎ ಎಂದರೆ ನಾನೇನೂ ಅಂಕ ಕಳೆಯುವುದಿಲ್ಲ.

ದಿ ಉಚ್ಚಾರಕ್ಕೂ ಇದೇ ನಿಯಮ. ವ್ಯಂಜನದ ಮುಂದೆ "ದ", ಸ್ವರದ ಮುಂದೆ "ದಿ": ದ ಬಸ್, ದಿ ಆಟೊ.

ಆ್ಯನ್ ಕೊನೆಯ ನಕಾರದ ಚೇಷ್ಟೆ ಇಂಗ್ಲಿಷರನ್ನೂ ಬಿಟ್ಟಿಲ್ಲ. ಏಪ್ರನ್ ಮೊದಲು ನಕಾರದಿಂದ ಶುರುವಾಗುವ "ನೇಪ್ರನ್" ಆಗಿತ್ತು. "ಎ ನೇಪ್ರನ್" ಎಂದದ್ದು ಕೇಳುವವರ ಕಿವಿಯಲ್ಲಿ "ಆ್ಯನ್ ಏಪ್ರನ್" ಆಗಿ ಒಡೆಯಿತು, ನಕಾರ ಆರ್ಟಿಕಲ್ ಪಾಲಾಯಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಾವು ಬೈಯುವ ಅಂಪೈರ್ ಕೂಡ ಹೀಗೆಯೇ ನಕಾರ ಕಳೆದುಕೊಂಡವನು.

ಹೆಜ್ಜೆ 5: ಬರಿಮೈಯಲ್ಲಿ ಯಾರು ನಿಲ್ಲಬಹುದು?

ಎಣಿಸಬಹುದಾದ ವಸ್ತು, ಏಕವಚನ: ಇಂಥ ನಾಮಪದ ಇಂಗ್ಲಿಷಿನಲ್ಲಿ ಒಂಟಿಯಾಗಿ ನಿಲ್ಲಲಾರದು. ಮುಂದೆ ಎ ಬರಲಿ, ದಿ ಬರಲಿ, ಮೈ ಬರಲಿ, ಏನಾದರೊಂದು ಬೇಕು. "ಅವಳು ನರ್ಸ್" ಎಂಬ ಕನ್ನಡದಲ್ಲಿ "ಒಬ್ಬ" ಇಲ್ಲ, ಹಾಗಾಗಿ "ಶಿ ಈಸ್ ನರ್ಸ್" ಎಂದುಬಿಡುತ್ತೇವೆ. ನನ್ನ ಮೊದಲ ಕೆಲಸದ ಸಂದರ್ಶನದಲ್ಲಿ ನಾನೇ "ಐ ಆ್ಯಮ್ ಗ್ರಾಜುಯೇಟ್" ಎಂದೆ. ಎದುರಿಗಿದ್ದವರು "ಎ ಗ್ರಾಜುಯೇಟ್" ಎಂದು ತಿದ್ದಿ, ಪಕ್ಕದವರ ಮುಖ ನೋಡಿ ನಕ್ಕರು. ಕೆಲಸ ಸಿಗಲಿಲ್ಲ. ಒಂದಕ್ಷರಕ್ಕೇ ಸಿಗಲಿಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ಆ ನಗು ಮರೆತಿಲ್ಲ.

ಬಹುವಚನ, ಮತ್ತು ಎಣಿಸಲಾಗದ ವಸ್ತು, ಸಾಮಾನ್ಯ ಅರ್ಥದಲ್ಲಿ ಬರಿಮೈಯಲ್ಲೇ ನಿಲ್ಲುತ್ತವೆ. ನಾಯಿ ಬೊಗಳುತ್ತವೆ, ಕಾಫಿ ಇಷ್ಟ, ಟ್ರಾಫಿಕ್ ಕಂಡರೆ ಆಗದು: ಡಾಗ್ಸ್, ಕಾಫಿ, ಟ್ರಾಫಿಕ್, ಮುಂದೆ ಏನೂ ಇಲ್ಲ. "ಐ ಹೇಟ್ ಟ್ರಾಫಿಕ್" ಎಂದರೆ ಟ್ರಾಫಿಕ್ ಎಂಬುದನ್ನೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನದ್ದನ್ನೇ ಹೇಳಬೇಕಾದರೆ "ದಿ ಟ್ರಾಫಿಕ್ ಅಟ್ ಸಿಲ್ಕ್ ಬೋರ್ಡ್".

ಯಾವುದನ್ನು ಎಣಿಸಬಹುದು ಎಂಬುದರಲ್ಲಿ ಇಂಗ್ಲಿಷಿನದು ಅದರದೇ ಹಟ. ಫರ್ನಿಚರ್, ಲಗೇಜ್, ಇನ್‌ಫರ್ಮೇಶನ್, ಅಡ್ವೈಸ್, ಹೋಮ್‌ವರ್ಕ್ ಇವಕ್ಕೆ ಎ ಇಲ್ಲ, ಬಹುವಚನವೂ ಇಲ್ಲ. "ಫರ್ನಿಚರ್ಸ್" ಎಂದು ಬರೆದ ಅಂಗಡಿ ಫಲಕ ನೋಡಿ ಕಲಿಯಬೇಡಿ. ಆದರೆ ದರ್ಶಿನಿಯ ಕೌಂಟರಿನ ಮುಂದೆ ನಿಂತು ನೋಡಿ. ಕಾಫಿ ಎಣಿಸಲಾಗದ ದ್ರವ. ಆದರೂ "ಎರಡು ಕಾಫಿ" ಎಂದು ಟೋಕನ್ ಪಡೆಯುತ್ತೇವೆ, ಏಕೆಂದರೆ ಅಲ್ಲಿ ಎಣಿಸುವುದು ಲೋಟವನ್ನು. ಇಂಗ್ಲಿಷಿನಲ್ಲೂ ಅಲ್ಲಿ "ಎ ಕಾಫಿ", "ಟೂ ಕಾಫೀಸ್" ಸರಿಯೇ. ಬೈ ಟು ಮಾಡಿಸಿ ಇಬ್ಬರು ಹಂಚಿಕೊಂಡರೂ ಟೋಕನ್ನಿನ ಲೆಕ್ಕದಲ್ಲಿ ಅದು ಒಂದೇ ಕಾಫಿ.

ಬೈ ಬಸ್, ಅಟ್ ಹೋಮ್, ಆನ್ ಮಂಡೇ ಮುಂತಾದ ಕಟ್ಟುಗಳನ್ನು ಹಾಗೆಯೇ ನೆನಪಿಡಿ. ಮಗು ಓದಲು ಹೋದರೆ "ಟು ಸ್ಕೂಲ್". ನೀವು ಶುಲ್ಕ ಕಟ್ಟಲು ಹೋದರೆ "ಟು ದಿ ಸ್ಕೂಲ್".

ಹೆಜ್ಜೆ 6: ಒಂದು ಸೀಟು, ಒಬ್ಬರೇ

ಕನ್ನಡದಲ್ಲಿ "ನನ್ನ ಆ ಹಳೆಯ ಸ್ಕೂಟರ್" ಎಂದು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮೈ ಮತ್ತು ದ್ಯಾಟ್ ಎರಡಕ್ಕೂ ಒಂದೇ ಸೀಟು. ಒಬ್ಬರು ಕುಳಿತರೆ ಇನ್ನೊಬ್ಬರು ಇಳಿದು ನಾಮಪದದ ಹಿಂದೆ ನಿಲ್ಲಬೇಕು: "ದ್ಯಾಟ್ ಓಲ್ಡ್ ಸ್ಕೂಟರ್ ಆಫ್ ಮೈನ್". "ಎ ಮೈ ಫ್ರೆಂಡ್" ತಪ್ಪು, "ಎ ಫ್ರೆಂಡ್ ಆಫ್ ಮೈನ್" ಸರಿ. ಆಲ್, ಬೋತ್, ಹಾಫ್‌ನಂಥ ಕೆಲವು ಪದಗಳು ಮಾತ್ರ ಸೀಟಿನ ಮುಂದೆ ನಿಂತು ಪ್ರಯಾಣ ಮಾಡಬಲ್ಲವು: ಆಲ್ ದಿ ಬಸ್ಸಸ್. ಸಂಖ್ಯೆಗಳು ಹಿಂದೆ: ಮೈ ತ್ರೀ ಸಿಸ್ಟರ್ಸ್.

ಫ್ಯೂ ಮತ್ತು ಎ ಫ್ಯೂ ನಡುವೆ ಇರುವುದು ಮನಸ್ಸಿನ ಅಂತರ. ಬೆಂಗಳೂರಿನಲ್ಲಿ "ಎ ಫ್ಯೂ ಫ್ರೆಂಡ್ಸ್" ಇದ್ದಾರೆ ಎಂದರೆ ಒಂದಷ್ಟು ಜನ ಇದ್ದಾರೆ, ಪರವಾಗಿಲ್ಲ. "ಫ್ಯೂ ಫ್ರೆಂಡ್ಸ್" ಎಂದರೆ ಹೇಳಿಕೊಳ್ಳುವಂಥವರು ಯಾರೂ ಇಲ್ಲ, ಒಂಟಿತನ. ಲಿಟಲ್, ಎ ಲಿಟಲ್ ಕೂಡ ಹಾಗೆಯೇ, ಎಣಿಸಲಾಗದ ವಸ್ತುಗಳಿಗೆ. ನಮ್ಮ "ಎಷ್ಟು" ಎಂಬುದನ್ನು ಇಂಗ್ಲಿಷ್ ಎರಡಾಗಿ ಸೀಳುತ್ತದೆ: ಎಣಿಸುವಂಥವಕ್ಕೆ ಹೌ ಮೆನಿ, ಉಳಿದದ್ದಕ್ಕೆ ಹೌ ಮಚ್. ಈಚ್, ಎವೆರಿ ಬಂದರೆ ಏಕವಚನ. "ಪ್ರತಿಯೊಬ್ಬ ವಿದ್ಯಾರ್ಥಿ ಬಂದ" ಎನ್ನುವಂತೆಯೇ.

ಹೆಜ್ಜೆ 7: ಊರು, ನದಿ, ರಸ್ತೆ

ಇಲ್ಲಿ ತರ್ಕಕ್ಕಿಂತ ರೂಢಿ ದೊಡ್ಡದು. ಊರುಗಳಿಗೆ, ಕೆರೆಗಳಿಗೆ, ಒಂಟಿ ಶಿಖರಗಳಿಗೆ ದಿ ಇಲ್ಲ: ಬೆಂಗಳೂರು, ಅಲ್ಸೂರ್ ಲೇಕ್, ಮುಳ್ಳಯ್ಯನಗಿರಿ. ನದಿ, ಸಮುದ್ರ, ಪರ್ವತಸಾಲುಗಳಿಗೆ ಇದೆ: ದಿ ಕಾವೇರಿ, ದಿ ಅರೇಬಿಯನ್ ಸೀ, ದಿ ವೆಸ್ಟರ್ನ್ ಘಾಟ್ಸ್. ಕೊಳಚೆಯಾಗಿ ಹರಿದರೂ ವೃಷಭಾವತಿ ನದಿಯೇ, ಅವಳಿಗೂ ದಿ ಸಲ್ಲಬೇಕು. ಕಬ್ಬನ್ ಪಾರ್ಕ್, ಎಂ.ಜಿ. ರೋಡ್ ಬರಿಮೈ, ಔಟರ್ ರಿಂಗ್ ರೋಡ್‌ಗೆ ದಿ. ಹೆಸರಿನ ನಡುವೆ "ಆಫ್" ಬಂದರೆ ಸಾಮಾನ್ಯವಾಗಿ ದಿ ಬೇಕು: 1916ರಲ್ಲಿ ಹುಟ್ಟಿದ್ದು ದಿ ಯೂನಿವರ್ಸಿಟಿ ಆಫ್ ಮೈಸೂರ್, 1964ರಲ್ಲಿ ಹುಟ್ಟಿದ್ದು ಬರಿಯ ಬ್ಯಾಂಗಲೋರ್ ಯೂನಿವರ್ಸಿಟಿ.

ಹೆಜ್ಜೆ 8: ಒಂದು ಜಾಹೀರಾತನ್ನು ಬಿಡಿಸೋಣ

"ಬಸವನಗುಡಿಯಲ್ಲಿ ಮನೆ ಖಾಲಿ ಇದೆ. ಮನೆ ಮೊದಲ ಮಹಡಿಯಲ್ಲಿದೆ. ಮಾಲೀಕರು ಕೆಳಗಿದ್ದಾರೆ. ನೀರಿಗೆ ತೊಂದರೆಯಿಲ್ಲ. ಮುಂಗಡ ಹತ್ತು ತಿಂಗಳ ಬಾಡಿಗೆ."

ಮೊದಲ "ಮನೆ" ಓದುಗರಿಗೆ ಹೊಸದು: ಎ ಹೌಸ್. ಎರಡನೆಯ "ಮನೆ" ವಾಕ್ಯದ ತಲೆಗೆ ಬಂದು ಕುಳಿತಿದೆ, ಅಂಗಳದ ನಾಯಿಯ ಹಾಗೆ: ದಿ ಹೌಸ್. ಮೊದಲ ಮಹಡಿ ಒಂದೇ ಇರುವುದು: ದಿ ಫಸ್ಟ್ ಫ್ಲೋರ್. ಮಾಲೀಕರ ಹೆಸರು ಈಗಷ್ಟೇ ಬಂತು, ಆದರೆ ಮನೆಯೆಂದ ಮೇಲೆ ಮಾಲೀಕರು ಇರಲೇಬೇಕು: ದಿ ಓನರ್. ನೀರು ಎಣಿಸಲಾಗದ್ದು, ಸಾಮಾನ್ಯ ಅರ್ಥ: ಬರಿಯ ವಾಟರ್. ಮುಂಗಡವೂ ಮಾಲೀಕರ ಹಾಗೆಯೇ ಮನೆಯ ಬೆನ್ನಿಗೆ ಬಂದದ್ದು: ದಿ ಅಡ್ವಾನ್ಸ್. ದಿನಕ್ಕೊಂದು ಇಂಥ ಜಾಹೀರಾತು ತೆಗೆದುಕೊಂಡು, ಪ್ರತಿ ನಾಮಪದದ ಮೇಲೂ ಬೆರಳಿಟ್ಟು, ಹೀಗೆ ಗಟ್ಟಿಯಾಗಿ ಕಾರಣ ಹೇಳಿಕೊಳ್ಳಿ. ಕಾರಣ ಹೇಳದೆ ಖಾಲಿ ಜಾಗ ತುಂಬುವ ಅಭ್ಯಾಸಪುಸ್ತಕಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ.

ಎರಡು ತಿಂಗಳ ನಂತರ ಒಂದು ರಾತ್ರಿ ಆ ಚಾಲಕರಿಂದ ಸಂದೇಶ ಬಂತು: "ಮೇಡಂ, ಐ ಗಾಟ್ ದಿ ಹೌಸ್." ನಾನು "ಯಾವ ಮನೆ?" ಎಂದಷ್ಟೇ ಬರೆದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಳೆಯ ಸಂದೇಶ ಅಳಿಸಿಹೋಗಿ ಹೊಸದು ಕಾಣಿಸಿತು: "ಐ ಗಾಟ್ ಎ ಹೌಸ್ ಇನ್ ಶ್ರೀನಗರ. ದಿ ಓನರ್ ಈಸ್ ಗುಡ್. ದಿ ಅಡ್ವಾನ್ಸ್ ಈಸ್ ಟೂ ಮಚ್."